ಭಾವಚಿತ್ರಕ್ಕೆ ಗಿರಾಕಿ ಸಿಗುವುದು ಎಲ್ಲಿ? ಹುಬ್ಬಳ್ಳಿ-ಧಾರವಾಡದಲ್ಲಿ ಕಂಡುಕೊಂಡದ್ದು

ಈ ಭಾಗದಲ್ಲಿ ಮುಖ ಬರೆಯಬಲ್ಲವರಿಗೆ ಬರವಿಲ್ಲ. ಡಿ.ವಿ. ಹಾಲಭಾವಿಯವರು ಧಾರವಾಡದಲ್ಲಿ, ಟಿ.ಪಿ. ಅಕ್ಕಿಯವರು ಗದಗಿನಲ್ಲಿ ಚಿತ್ರಕಲಾ ಶಾಲೆ ಕಟ್ಟಿದ ಕಾಲದಿಂದ ಕೈ ಪಳಗಿದವರು ಹೊರಬೀಳುತ್ತಲೇ ಇದ್ದಾರೆ. ಬರೆಸುವವರು ಯಾರು, ಎಷ್ಟು ಕೊಡುತ್ತಾರೆ, ಯಾವಾಗ ಕೊಡುತ್ತಾರೆ ಎನ್ನುವುದು ಮಾತ್ರ ತರಗತಿಯಲ್ಲಿ ಪಾಠವಾಗಿ ಬರುವುದಿಲ್ಲ. ಹೋದ ಯುಗಾದಿಗೆ ಈ ಕೆಲಸಕ್ಕೆ ಇಳಿದದ್ದು. ಈ ಯುಗಾದಿಯ ಹೊತ್ತಿಗೆ ತಿಂಗಳ ಖರ್ಚು ಇದರಿಂದಲೇ ಹೊರಡುತ್ತಿದೆ. ನಡುವಿನ ಗೊಂದಲ ಹಿಂದೆ ಬರುವವರಿಗೆ ಬೇಡ ಅಂತ, ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಮೊದಲ ಕೆಲಸ ಮಾದರಿ ಚಿತ್ರಗಳು. ಸಿನಿಮಾ ನಟರ ಮುಖ ಬರೆದು ತೋರಿಸಿದರೆ ನೋಡಿದವರೆಲ್ಲ ಹೊಗಳುತ್ತಾರೆ, ಆರ್ಡರ್ ಮಾತ್ರ ಕೊಡುವುದಿಲ್ಲ. ಗಿರಾಕಿಯ ತಲೆಯಲ್ಲಿ ಇರುವುದು ಒಂದೇ ಪ್ರಶ್ನೆ: ನಮ್ಮ ಅಜ್ಜ ಅಜ್ಜನಂತೆಯೇ ಬರುತ್ತಾರೋ ಇಲ್ಲವೋ. ಅದಕ್ಕೆ ಉತ್ತರವಾಗಿ ನಾಲ್ಕು ಮಾದರಿ ಸಾಕು: ರುಮಾಲು ಸುತ್ತಿದ ಹಿರಿಯರು, ತಲೆ ಮೇಲೆ ಸೆರಗು ಹೊದ್ದ ಇಳಕಲ್ ಸೀರೆಯ ಅಜ್ಜಿ, ಬೇರೆ ಬೇರೆ ಫೋಟೋದಿಂದ ಕೂಡಿಸಿ ಬರೆದ ದಂಪತಿ, ಕನ್ನಡಕ ಹಾಕಿದ ಮಾಸ್ತರು. ಪ್ರತಿ ಚಿತ್ರದ ಪಕ್ಕದಲ್ಲಿ ಯಾವ ಫೋಟೋ ನೋಡಿ ಬರೆದದ್ದೋ ಆ ಫೋಟೋವನ್ನೂ ಅಂಟಿಸಿಡಬೇಕು. ಮಸುಕಾದ ಪಾಸ್‌ಪೋರ್ಟ್ ಸೈಜ್ ಫೋಟೋದಿಂದ ಎ3 ಅಳತೆಯ ಮುಖ ಎದ್ದು ಬಂದದ್ದನ್ನು ಒಮ್ಮೆ ನೋಡಿದರೆ ಅರ್ಧ ಮಾತು ಮುಗಿದಂತೆ. ಮಾದರಿಗೆ ಮನೆಯವರ, ನೆಂಟರ ಫೋಟೋ ಬಳಸಿ, ಅದೂ ಕೇಳಿಕೊಂಡು.

ಆಮೇಲೆ ಇದನ್ನು ಎಲ್ಲಿ ತೋರಿಸುವುದು? ಗ್ಯಾಲರಿಯಲ್ಲಿ ಪ್ರದರ್ಶನ ಇಡುವುದು ಎಲ್ಲರಿಗೂ ಹೊಳೆಯುವ ದಾರಿ. ಧಾರವಾಡದ ಸರ್ಕಾರಿ ಆರ್ಟ್ ಗ್ಯಾಲರಿಯಲ್ಲಿ ಪ್ರದರ್ಶನಕ್ಕೆ ಬರುವವರು ಹೆಚ್ಚಾಗಿ ಕಲಾವಿದರು, ಕಲಾ ಶಿಕ್ಷಕರು, ವಿದ್ಯಾರ್ಥಿಗಳು. ಅವರಿಂದ ಕಲಿಯುವುದು ಬಹಳ ಇದೆ, ಆದರೆ ಅವರು ಮುಖ ಬರೆಸುವವರಲ್ಲ. ಬರೆಸುವವರು ಫೋಟೋ ಕೈಯಲ್ಲಿ ಹಿಡಿದುಕೊಂಡು, ಕಿಸೆಯಲ್ಲಿ ದುಡ್ಡಿಟ್ಟುಕೊಂಡು ಬರುವ ಜಾಗ ಬೇರೆ ಇದೆ: ಫೋಟೋಕ್ಕೆ ಕಟ್ಟು ಹಾಕುವ ಅಂಗಡಿ. ಹುಬ್ಬಳ್ಳಿಯಲ್ಲಿ ದುರ್ಗದ ಬೈಲ್ ಸುತ್ತಲಿನ ಓಣಿಗಳು, ಧಾರವಾಡದಲ್ಲಿ ಸುಭಾಸ ರಸ್ತೆಯ ಆಸುಪಾಸು, ಗದಗ-ಹಾವೇರಿಗಳಲ್ಲಿ ಬಸ್‌ಸ್ಟ್ಯಾಂಡಿನಿಂದ ಪೇಟೆಗೆ ಹೋಗುವ ದಾರಿ ನೋಡಿ. ಜೊತೆಗೆ ಹಳೆಯ ಫೋಟೋ ಸ್ಟುಡಿಯೋಗಳು. ಗಿರಾಕಿಯನ್ನು ಹುಡುಕುವುದು ಬಿಟ್ಟು, ಫೋಟೋ ಎಲ್ಲಿಗೆ ಹೋಗುತ್ತದೋ ಅಲ್ಲಿ ನಿಲ್ಲಬೇಕು.

ಅಂಗಡಿಯವರ ಜೊತೆ ಮಾತುಕತೆ ಸುಲಭವಲ್ಲ. ಗೋಡೆಯ ಜಾಗ ಅವರಿಗೆ ದುಡ್ಡು. ಮೊದಲ ಮಾತೇ ಹೀಗೆ ಬರುತ್ತದೆ: "ಪ್ರಿಂಟ್ ತೆಗಸಿದ್ರ ಸಾವಿರದಾಗ ಕೆಲಸ ಮುಗೀತೈತ್ರಿ, ನಿಮ್ಮ ಚಿತ್ರಕ್ಕ ಯಾರ್ ಮೂರ್ ಸಾವಿರ ಕೊಡ್ತಾರ?" ಇದಕ್ಕೆ ವಾದ ಮಾಡಿ ಉಪಯೋಗವಿಲ್ಲ. ಅವರಿಗೆ ಬೇಕಾದದ್ದು ಎರಡು: ತಮ್ಮ ಪಾಲು, ಮತ್ತು ಕಟ್ಟು ಹಾಕುವ ಕೆಲಸ ಕೈತಪ್ಪಿ ಹೋಗದಿರುವುದು. ನನ್ನ ಒಪ್ಪಂದ ಇಷ್ಟೇ: ಅವರ ಅಂಗಡಿಯಿಂದ ಬಂದ ಆರ್ಡರಿಗೆ ಚಿತ್ರದ ದರದಲ್ಲಿ ನೂರಕ್ಕೆ 15 ಅವರದು, ಕಟ್ಟು ಪೂರ್ತಿ ಅವರದೇ. ಬರೆದ ಚಿತ್ರಕ್ಕೆ ಮೌಂಟ್ (ಚಿತ್ರದ ಸುತ್ತ ಗಾಜಿನ ಕೆಳಗೆ ಇಡುವ ರಟ್ಟಿನ ಅಂಚು), ದಪ್ಪ ಪಟ್ಟಿ, ಒಳ್ಳೆಯ ಗಾಜು ಬೇಕಾಗುವುದರಿಂದ ಪ್ರಿಂಟಿನ ಕಟ್ಟಿಗಿಂತ ಅವರಿಗೂ ಹೆಚ್ಚು ಸಿಗುತ್ತದೆ. ಇದು ತಿಳಿದ ಮೇಲೆ ಅವರೇ ಗಿರಾಕಿಗೆ ಹೇಳತೊಡಗುತ್ತಾರೆ. ಮಾದರಿಯನ್ನು ಬಿಸಿಲು ಬೀಳುವ ಗೋಡೆಗೆ ಹಾಕಿಸಬೇಡಿ. ಕಾಗದ ಕೆಲವೇ ತಿಂಗಳಲ್ಲಿ ಹಳದಿಯಾಗುತ್ತದೆ. ಕೆಳಗೆ ಅಳತೆ ಮತ್ತು ದರ ಎದ್ದು ಕಾಣುವಂತೆ ಬರೆದಿರಬೇಕು. ದರ ಕಾಣದಿದ್ದರೆ ಜನ ಕೇಳಲು ಸಂಕೋಚಪಟ್ಟು ಮುಂದೆ ಹೋಗುತ್ತಾರೆ.

ಮಾದರಿ ಹಾಕಿದ ಮರುದಿನವೇ ಫೋನ್ ಬರುವುದಿಲ್ಲ. ಮೊದಲ ವಾರಗಳು ಬರೀ ಕಾಯುವುದೇ, ಮನಸ್ಸು ಕುಗ್ಗುವುದೂ ಆಗಲೇ. ಈ ಹೊತ್ತಿನಲ್ಲಿ ದರ ಇಳಿಸಬಾರದು. ಒಮ್ಮೆ ಐನೂರಕ್ಕೆ ಬರೆದುಕೊಟ್ಟರೆ ಆ ಓಣಿಯಲ್ಲಿ ಅದೇ ನಿಮ್ಮ ದರ.

ಮೊದಲ ನಿಜವಾದ ಸುಗ್ಗಿ ಮೇ 31. ಇದರ ಹಿಂದಿನ ಲೆಕ್ಕ ಗೊತ್ತಿರಲಿ. ನಮ್ಮಲ್ಲಿ ಹಳೆಯ ತಲೆಮಾರಿನ ಎಷ್ಟೋ ಜನರಿಗೆ ಶಾಲೆಗೆ ಹಾಕುವಾಗ ಜೂನ್ 1 ಎಂದೇ ಜನ್ಮದಿನಾಂಕ ಬರೆಸಿದ್ದಾರೆ. ರಾಜ್ಯ ಸರ್ಕಾರಿ ನೌಕರರ ನಿವೃತ್ತಿ 60ಕ್ಕೆ. ತಿಂಗಳ ಒಂದನೇ ತಾರೀಖಿಗೆ ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗುತ್ತಾರೆ. ಹಾಗಾಗಿ ಮೇ 31ಕ್ಕೆ ಮಾಸ್ತರರು, ಕಚೇರಿಯವರು ಸಾಲುಸಾಲಾಗಿ ನಿವೃತ್ತರು. ಬೀಳ್ಕೊಡುಗೆಗೆ ಸಹೋದ್ಯೋಗಿಗಳು ಪಟ್ಟಿ ಎತ್ತುತ್ತಾರೆ. ಶಾಲು, ಹಾರ, ಬೆಳ್ಳಿ ಸಾಮಾನಿನ ಜೊತೆ "ಏನರೆ ಬ್ಯಾರೆ ಕೊಡೂಣು" ಎನ್ನುವ ಒಬ್ಬರು ಪ್ರತಿ ಕಚೇರಿಯಲ್ಲೂ ಇರುತ್ತಾರೆ. ಅವರೇ ನಿಮ್ಮ ಗಿರಾಕಿ. ಬೇಸಿಗೆ ರಜೆ ಶುರುವಾದ ಮೇಲೆ ಶಿಕ್ಷಕರು ಒಟ್ಟಿಗೆ ಸಿಗುವುದಿಲ್ಲ, ಆದ್ದರಿಂದ ಮಾತು ಮಾರ್ಚ್ ಕೊನೆಯೊಳಗೇ ಆಗಬೇಕು. ಇಂಥ ಉಡುಗೊರೆಗೆ ಎ3 ಪೆನ್ಸಿಲ್ ಅಥವಾ ಚಾರ್‌ಕೋಲ್ ಸರಿ; ಹತ್ತಿಪ್ಪತ್ತು ಜನ ಹಂಚಿಕೊಂಡರೆ ಯಾರಿಗೂ ಭಾರವಾಗುವುದಿಲ್ಲ. ತೈಲವರ್ಣ ಒಪ್ಪಿಕೊಳ್ಳಬೇಡಿ, ಒಣಗುವುದಿಲ್ಲ. ಅಗಸೆ ಎಣ್ಣೆಯಲ್ಲಿ ಬರೆದ ಚಿತ್ರ ಮುಟ್ಟಿದರೆ ಅಂಟದಂತಾಗಲು ಒಂದೆರಡು ವಾರ ಬೇಕು, ಬಿಳಿ ಬಣ್ಣ ದಪ್ಪಗಿದ್ದ ಕಡೆ ಇನ್ನೂ ಹೆಚ್ಚು. ಹಸಿ ಇರುವಾಗ ಕಟ್ಟು ಹಾಕಿದರೆ ಪಟ್ಟಿಯ ಅಂಚಿಗೆ ಬಣ್ಣ ಅಂಟಿಕೊಳ್ಳುತ್ತದೆ.

ಕೆಲಸ ಬಂದ ಮೇಲೆ ನಿಜವಾದ ತೊಡಕು ಫೋಟೋದ್ದು. ಹತ್ತರಲ್ಲಿ ಎಂಟು ಜಗಳ ಇಲ್ಲಿಂದಲೇ ಹುಟ್ಟುತ್ತವೆ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ವಾಟ್ಸಾಪ್‌ನಲ್ಲಿ ಸಾದಾ ಫೋಟೋ ಆಗಿ ಬಂದದ್ದು ಸವೆದಿರುತ್ತದೆ. 'ಡಾಕ್ಯುಮೆಂಟ್' ಆಗಿ ಕಳಿಸಲು ಹೇಳಿ. ಪಾಸ್‌ಪೋರ್ಟ್ ಸೈಜ್ ಫೋಟೋ ಇದ್ದರೆ ಮೊಬೈಲಿನಲ್ಲಿ ಹೊಡೆಯಬೇಡಿ, ಝೆರಾಕ್ಸ್ ಅಂಗಡಿಯಲ್ಲಿ 1200 ಡಿಪಿಐಗೆ (ಇಂಚಿಗೆ ಅಷ್ಟು ಚುಕ್ಕಿ) ಸ್ಕ್ಯಾನ್ ಮಾಡಿಸಿ. 3.5 ಸೆಂ.ಮೀ. ಅಗಲದ ಫೋಟೋ 300 ಡಿಪಿಐಯಲ್ಲಿ ಸುಮಾರು 413 ಪಿಕ್ಸೆಲ್ ಕೊಟ್ಟರೆ, 1200ರಲ್ಲಿ 1,650ರಷ್ಟು ಕೊಡುತ್ತದೆ. ರೆಪ್ಪೆಯ ಗೆರೆ ಕಾಣುವುದೋ ಬಿಡುವುದೋ ಅಲ್ಲಿ ತೀರ್ಮಾನವಾಗುತ್ತದೆ. ಅಂಗಡಿಯವರು ತಾವಾಗಿ 1200 ಇಡುವುದಿಲ್ಲ, ಬಾಯಿಬಿಟ್ಟು ಕೇಳಬೇಕು. ಹಳೆಯ ಕಟ್ಟಿನಲ್ಲಿ ಫೋಟೋ ಗಾಜಿಗೇ ಅಂಟಿಕೊಂಡಿದ್ದರೆ ಕೀಳಲು ಹೋಗಬೇಡಿ. ಮುಖದ ಪದರವೇ ಗಾಜಿನ ಜೊತೆ ಬರುತ್ತದೆ. ಗಾಜಿನ ಮೇಲಿಂದಲೇ ಕಿಟಕಿಯ ಬೆಳಕಿನಲ್ಲಿ, ಕ್ಯಾಮೆರಾದ ಹಿಂದೆ ಕರಿ ಬಟ್ಟೆ ಹಿಡಿದು ಹೊಡೆದರೆ ಪ್ರತಿಬಿಂಬ ಬೀಳುವುದಿಲ್ಲ.

ಸೆಲ್ಫಿ ಫೋಟೋ ಬಂದರೆ ಎಡಬಲ ನೋಡಿ. ಕೆಲವು ಫೋನು ಕನ್ನಡಿಯ ಹಾಗೆ ತಿರುಗಿಸಿ ಉಳಿಸುತ್ತವೆ. ಗಂಡಸರ ಅಂಗಿಯಲ್ಲಿ ಕಿಸೆ ಅವರ ಎಡ ಎದೆಗೆ ಇರುತ್ತದೆ, ಎಡಪಟ್ಟಿ ಬಲದ ಮೇಲೆ ಬರುತ್ತದೆ. ಉಲ್ಟಾ ಇದ್ದರೆ ಫೋಟೋ ಉಲ್ಟಾ. ಹೆಂಗಸರಲ್ಲಿ ಮೂಗುಬೊಟ್ಟು ಯಾವ ಕಡೆ ಎಂದು ಮನೆಯವರನ್ನು ಕೇಳಿ. ಚಿತ್ರ ಮುಗಿದ ಮೇಲೆ "ಅವ್ವನ ಮಚ್ಚಿ ಈ ಕಡೆ ಇರಲಿಲ್ರಿ" ಅಂದರೆ ತಿದ್ದಲು ಆಗುವುದಿಲ್ಲ.

ದಂಪತಿ ಚಿತ್ರ ಈ ಭಾಗದಲ್ಲಿ ಬಹಳ ಬೇಡಿಕೆಯದು. ಅಜ್ಜ ತೀರಿ ಎಷ್ಟೋ ವರ್ಷದ ಮೇಲೆ ಅಜ್ಜಿ ತೀರಿರುತ್ತಾರೆ. ಅಜ್ಜನ ಫೋಟೋದಲ್ಲಿ ವಯಸ್ಸು ನಲವತ್ತು, ಅಜ್ಜಿಯದರಲ್ಲಿ ಎಂಬತ್ತು. ಹಾಗೇ ಕೂಡಿಸಿದರೆ ತಾಯಿ ಮಗ ಕೂತಂತೆ ಕಾಣುತ್ತದೆ. ಅಜ್ಜಿಯ ಹಳೆಯ ಫೋಟೋ, ಮದುವೆ ಗುಂಪಿನದಾದರೂ ಸರಿ, ಹುಡುಕಿಸಿ. ಎರಡು ಫೋಟೋದಲ್ಲಿ ಬೆಳಕು ಯಾವ ಕಡೆಯಿಂದ ಬಿದ್ದಿದೆ ಎನ್ನುವುದನ್ನು ಮೂಗಿನ ನೆರಳು ನೋಡಿ ತಿಳಿಯಿರಿ. ಬೇರೆ ಬೇರೆ ಇದ್ದರೆ ಹೆಚ್ಚು ಸ್ಪಷ್ಟವಾಗಿರುವ ಫೋಟೋದ ಬೆಳಕನ್ನು ಇಟ್ಟುಕೊಂಡು ಇನ್ನೊಂದನ್ನು ಅದಕ್ಕೆ ಹೊಂದಿಸಬೇಕು, ಇದಕ್ಕೆ ಬೇರೆ ದರ ಹೇಳಲು ಹಿಂಜರಿಯಬೇಡಿ. ಕುಂಕುಮ ಇಡುವುದು, ವಿಭೂತಿ ಎಳೆಯುವುದು, ಬೋರಮಾಳ ಸರ ಸೇರಿಸುವುದು, ಟೋಪಿ ತೆಗೆಯುವುದು — ಇವನ್ನೆಲ್ಲ ಪೆನ್ಸಿಲ್ ಹಿಡಿಯುವ ಮುಂಚೆಯೇ ಬರೆಸಿಕೊಳ್ಳಿ. ಕಪ್ಪುಬಿಳುಪು ಫೋಟೋದಿಂದ ಬಣ್ಣದ ಚಿತ್ರ ಕೇಳಿದರೆ, "ಮೈಬಣ್ಣ ಮಕ್ಕಳಲ್ಲಿ ಯಾರಿಗೆ ಬಂದೈತ್ರಿ?" ಎಂದು ಕೇಳಿ, ಅವರದೊಂದು ಫೋಟೋ ಬಿಸಿಲಿಲ್ಲದ ಹಗಲಿನಲ್ಲಿ ತೆಗೆದುಕೊಳ್ಳಿ.

ಇನ್ನೊಂದು ಮಾತು: ಒಪ್ಪಿಗೆ ಕೊಡುವವರು ಒಬ್ಬರೇ ಇರಬೇಕು. ಮೊದಲು ಬರೀ ಗೆರೆಯ ಕರಡು ಕಳಿಸುತ್ತೇವಲ್ಲ, ಅದು ಕುಟುಂಬದ ಗ್ರೂಪಿಗೆ ಹೋಯಿತೋ, ದೊಡ್ಡ ಮಗ ಗಲ್ಲ ಇಳಿಸಿ ಅಂದರೆ ಬೆಂಗಳೂರಿನ ಮಗಳು ಏರಿಸಿ ಅನ್ನುತ್ತಾಳೆ. ಆರ್ಡರ್ ಚೀಟಿಯಲ್ಲಿ ಒಪ್ಪಿಗೆ ಕೊಡುವವರ ಹೆಸರು ಬರೆಯಿರಿ. ಕರಡಿನಲ್ಲಿ ಎರಡು ತಿದ್ದುಪಡಿ ದರದಲ್ಲೇ, ಆಮೇಲಿನದಕ್ಕೆ ಬೇರೆ. ತೀರಿಕೊಂಡವರ ಜೊತೆ ಕೊನೆಯ ವರ್ಷಗಳಲ್ಲಿ ಒಂದೇ ಮನೆಯಲ್ಲಿ ಇದ್ದವರ ಕಣ್ಣನ್ನು ನಂಬಿ. ಹುಬ್ಬಿನ ನಡುವಿನ ಅಂತರ, ಕಿವಿ ಎದ್ದಿರುವ ರೀತಿ, ಕೆಳತುಟಿಯ ಓರೆ, ಇಷ್ಟರಲ್ಲಿ ತಪ್ಪಿದ್ದರೆ ಅವರಿಗೆ ತಕ್ಷಣ ಗೊತ್ತಾಗುತ್ತದೆ, ಹೇಳಲು ಮಾತ್ರ ಬರುವುದಿಲ್ಲ. "ಏನೋ ಬ್ಯಾರೆ ಕಾಣ್ತಾರಲ್ರಿ" ಅನ್ನುತ್ತಾರೆ. ಆಗ ಶೇಡಿಂಗ್ ತಿದ್ದುತ್ತ ಕೂರದೆ ಸ್ಕೇಲ್ ತೆಗೆದುಕೊಂಡು ಕಣ್ಣಿನಿಂದ ತುಟಿಯವರೆಗಿನ ಅಳತೆಯನ್ನು ಮತ್ತೆ ನೋಡಿ.

ಆರ್ಡರ್ ಚೀಟಿ ಅಂದೆ. ಅರ್ಧ ಹಾಳೆ ಸಾಕು: ಹೆಸರು, ಫೋನು, ಮಾಧ್ಯಮ, ಅಳತೆ, ಎಷ್ಟು ಮುಖ, ಕಟ್ಟು ಸೇರಿದೆಯೋ ಇಲ್ಲವೋ, ಬೇಕಾದ ತಾರೀಖು, ಮುಂಗಡ, ಬಾಕಿ. ಕೆಳಗೆ ಒಂದು ಸಾಲು, ಚಿತ್ರವನ್ನು ನನ್ನ ಕೆಲಸದ ಮಾದರಿಯಾಗಿ ತೋರಿಸಲು ಒಪ್ಪಿಗೆ ಇದೆ/ಇಲ್ಲ. ಇದು ಬರೀ ಸೌಜನ್ಯದ ಮಾತಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ದುಡ್ಡು ಕೊಟ್ಟು ಬರೆಸಿದ ಭಾವಚಿತ್ರದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿದವರದು, ಬರೆದವರದಲ್ಲ. ಆ ಒಂದು ಸಾಲಿನ ಕೆಳಗೆ ಸಹಿ ಇದ್ದರೆ ಇನ್‌ಸ್ಟಾಗ್ರಾಮಿಗೆ ಹಾಕಿದ ಮೇಲೆ ತಕರಾರು ಬರುವುದಿಲ್ಲ.

ನನ್ನ ದರ, ಊರಿನ ದರ ಎಂದು ತಿಳಿಯಬೇಡಿ: ಎ4 ಪೆನ್ಸಿಲ್ 1,200, ಎ3 ಪೆನ್ಸಿಲ್ 2,500, ಎ3 ಚಾರ್‌ಕೋಲ್ 3,000, 18×24 ಇಂಚಿನ ತೈಲವರ್ಣ 9,000 ರೂಪಾಯಿ. ಎರಡನೇ ಮುಖಕ್ಕೆ ನೂರಕ್ಕೆ 60 ಹೆಚ್ಚು. ಅರ್ಧ ಮುಂಗಡ ಬಂದ ಮೇಲೆಯೇ ಕರಡು, ಪೂರ್ತಿ ಬಾಕಿ ಬಂದ ಮೇಲೆ ಚಿತ್ರ. ಎ4ರಲ್ಲಿ ಮೂರು ಮುಖ ಕೇಳಿದರೆ ಬೇಡ ಅನ್ನಿ. ನೆತ್ತಿಯಿಂದ ಗಲ್ಲಕ್ಕೆ ಮೂರು-ನಾಲ್ಕು ಇಂಚಿಗಿಂತ ಚಿಕ್ಕದಾದರೆ ಹೋಲಿಕೆ ಹಿಡಿಯುವುದು ಕಷ್ಟ, ಚಾರ್‌ಕೋಲಿನಲ್ಲಂತೂ ಇನ್ನೂ.

ಜೂನ್ ಕಳೆದು ಆಷಾಢ ಬಂದರೆ ಪೇಟೆ ತಣ್ಣಗೆ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಧಾರವಾಡದ ಮಳೆಗಾಲದಲ್ಲಿ ಕಾಗದ ತೇವ ಹಿಡಿದು ಬೂಸ್ಟು ಬರುತ್ತದೆ, ಹಾಳೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸಿಲಿಕಾ ಪೊಟ್ಟಣ ಹಾಕಿ ಮಲಗಿಸಿಡಿ. ಈ ಬಿಡುವಿನಲ್ಲಿ ಆನ್‌ಲೈನ್ ಕೆಲಸ ಮುಗಿಸಿಕೊಳ್ಳಬಹುದು. ಗೂಗಲ್ ನಕ್ಷೆಯಲ್ಲಿ ಹೆಸರು ಸೇರಿಸುವುದು ಉಚಿತ. ಬೀದಿ, ಬೋರ್ಡು, ಕೆಲಸದ ಜಾಗ ಒಂದೇ ವಿಡಿಯೋದಲ್ಲಿ ಕಾಣುವಂತೆ ತೋರಿಸಲು ಗೂಗಲ್‌ನವರು ಕೇಳಬಹುದು, ಬೋರ್ಡ್ ಮೊದಲೇ ಬರೆಸಿಡಿ. ರೀಲ್ಸ್‌ಗೆ ಮೆಚ್ಚುಗೆ ಬರುವುದು ಎಲ್ಲೆಲ್ಲಿಂದಲೋ. ಆರ್ಡರ್ ಬರುವುದು ವಾಟ್ಸಾಪ್ ಸ್ಟೇಟಸ್‌ನಿಂದ, ಅದನ್ನು ನೋಡುವವರು ನಿಮ್ಮನ್ನು ಬಲ್ಲವರು. ಆನ್‌ಲೈನಿಗೆ ಹೋದ ಕೂಡಲೇ ಮೋಸಗಾರರೂ ಬರುತ್ತಾರೆ. "ನಾನು ಮಿಲಿಟರಿಯವ, ಮುಂಗಡ ಕಳಿಸ್ತೇನಿ, ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಹಾಕ್ರಿ" ಅಂದರೆ ಫೋನ್ ಇಟ್ಟುಬಿಡಿ. ಯುಪಿಐಯಲ್ಲಿ ದುಡ್ಡು ಪಡೆಯಲು ಪಿನ್ ಬೇಡ, ಪಿನ್ ಒತ್ತಿದರೆ ದುಡ್ಡು ಹೋಗುವುದೇ.

ಭಾದ್ರಪದದಲ್ಲಿ ಮತ್ತೆ ಕೆಲಸ ಏಳುತ್ತದೆ. ಪಕ್ಷಮಾಸಕ್ಕೆ ಹಿರಿಯರ ಪೂಜೆ, ಮಹಾಲಯ ಅಮಾವಾಸ್ಯೆಯೊಳಗೆ ಚಿತ್ರ ಬೇಕು ಎನ್ನುವವರು ಒಮ್ಮೆಲೇ ಬರುತ್ತಾರೆ. ಸಾವಾದ ಮನೆಯ ಬೇಡಿಕೆಗೆ ಒಂದು ಕ್ರಮ ಇದೆ. ಹನ್ನೊಂದನೇ ದಿನದ ಶಿವಗಣಾರಾಧನೆಗೆ ಬೇಕಾಗುವುದು ಪ್ರಿಂಟು, ಅಲ್ಲಿ ನಮಗೆ ಕೆಲಸವಿಲ್ಲ, ಹೊತ್ತೂ ಇರುವುದಿಲ್ಲ. ಬರೆದ ಚಿತ್ರ ಬೇಕೆನಿಸುವುದು ಮೊದಲ ವರ್ಷದ ಪುಣ್ಯಸ್ಮರಣೆಯ ಹೊತ್ತಿಗೆ, ಅಳು ಒಣಗಿ ಗೋಡೆಯ ಪ್ರಿಂಟು ಬಣ್ಣಗೆಟ್ಟ ಮೇಲೆ. ಪೇಪರಿನ ಶ್ರದ್ಧಾಂಜಲಿ ಪುಟ ನೋಡಿ ಆ ಮನೆಗಳಿಗೆ ಫೋನ್ ಮಾಡುವವರೂ ಇದ್ದಾರೆ. ನಾನು ಮಾಡುವುದಿಲ್ಲ, ನೀವೂ ಮಾಡಬೇಡಿ. ಊರು ಸಣ್ಣದು, ಹೆಸರು ಕೆಡಲು ಒಂದು ಫೋನ್ ಸಾಕು.

ಪೂಜೆಗೆ ಇಡುವ ಚಿತ್ರಕ್ಕೆ ಕಟ್ಟು ಬೇರೆ ರೀತಿಯದೇ ಬೇಕು. ಗಾಜಿನ ಮೇಲೆ ಕುಂಕುಮ ಹಚ್ಚುತ್ತಾರೆ, ಎದುರಿಗೆ ದೀಪ, ಊದಿನಕಡ್ಡಿ, ಮೇಲೆ ನೀರು ಜಿನುಗುವ ಚೆಂಡು ಹೂವಿನ ಹಾರ. ಗಾಜಿಗೂ ಕಾಗದಕ್ಕೂ ನಡುವೆ ಮೌಂಟ್ ಇರಲೇಬೇಕು, ಇಲ್ಲದಿದ್ದರೆ ಚಾರ್‌ಕೋಲ್ ಗಾಜಿಗೆ ಅಂಟುತ್ತದೆ. ಹಿಂಬದಿಯ ಸುತ್ತ ಟೇಪ್ ಒತ್ತಿಸಿ. ಹಾರಕ್ಕೆಂದೇ ಕಟ್ಟಿನ ಮೇಲಿನ ಎರಡು ಮೂಲೆಗೆ ಹಿಂದಿನಿಂದ ಸಣ್ಣ ಕೊಂಡಿ ಹಾಕಿಸಿಕೊಡಿ, ಇಲ್ಲದಿದ್ದರೆ ಮನೆಯವರೇ ಪಟ್ಟಿಗೆ ಮೊಳೆ ಹೊಡೆದು ಗಾಜು ಸೀಳಿಸುತ್ತಾರೆ. ಎರಡು ಕೊಂಡಿಗೆ ಆಗುವ ಖರ್ಚು ಲೆಕ್ಕಕ್ಕೇ ಇಲ್ಲ, ಬಂದ ನೆಂಟರು ಅದನ್ನೇ ಗುರುತಿಸಿ ಯಾರು ಮಾಡಿದ್ದು ಎಂದು ಕೇಳುತ್ತಾರೆ.

ದಸರೆ ನಂತರ ಸಂಸ್ಥೆಗಳ ಸರದಿ: ಶಿಕ್ಷಣ ಸಂಸ್ಥೆಯ ಸಂಸ್ಥಾಪಕರು, ಸಹಕಾರಿ ಸಂಘದ ಮೊದಲ ಅಧ್ಯಕ್ಷರು, ವಕೀಲರ ಸಂಘದ ಹಿರಿಯರು, ಮಠದ ಲಿಂಗೈಕ್ಯ ಶ್ರೀಗಳು. ಹಾವೇರಿ ಕಡೆ ಶಾಲೆಗಳಲ್ಲಿ ಮೈಲಾರ ಮಹದೇವಪ್ಪನವರ ಚಿತ್ರ, ಗದಗಿನಲ್ಲಿ ಪಂಚಾಕ್ಷರಿ ಗವಾಯಿ, ಪುಟ್ಟರಾಜ ಗವಾಯಿಗಳ ಚಿತ್ರ ಕೇಳುವವರೂ ಇದ್ದಾರೆ. ಮಹಾಪುರುಷರ ಚಿತ್ರ ಸರ್ಕಾರಿ ಕಚೇರಿಗಳಿಗೆ ಬರೆದು ಕೊಡಬಹುದೆಂಬ ಆಸೆ ಮಾತ್ರ ಬೇಡ, ಅಲ್ಲಿಗೆ ಬೇಕಾದದ್ದು ಮುದ್ರಿತ ಪ್ರತಿ.

ಸಂಸ್ಥೆಯ ಕೆಲಸದಲ್ಲಿ ದುಡ್ಡು ದೊಡ್ಡದು, ಕಾಯುವುದೂ ದೊಡ್ಡದು. ಲೆಟರ್‌ಹೆಡ್‌ನಲ್ಲಿ ದರಪಟ್ಟಿ, ಪ್ಯಾನ್ ಪ್ರತಿ, ರದ್ದು ಮಾಡಿದ ಚೆಕ್ ಕೇಳುತ್ತಾರೆ. ಕೆಲವು ಕಡೆ ಮೂರು ದರಪಟ್ಟಿ ಬೇಕು ಅಂದಾಗ ಇನ್ನಿಬ್ಬರು ಕಲಾವಿದರು ನಿಜವಾಗಿಯೂ ತಮ್ಮ ದರ ಕೊಡಬೇಕಾಗುತ್ತದೆ. ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವುದು) ಇದ್ದರೆ ಕಾಗದಕ್ಕೆ ತೂಕ ಬರುತ್ತದೆ. ಅದು ಆಧಾರ್ ಇದ್ದರೆ ಸರ್ಕಾರಿ ಪೋರ್ಟಲ್‌ನಲ್ಲಿ ಪೂರ್ತಿ ಉಚಿತ, ಸಾವಿರ ರೂಪಾಯಿ ಕೇಳುವ ಏಜೆಂಟರ ಕೈಗೆ ಸಿಗಬೇಡಿ. ಕುಶಲಕರ್ಮಿಗಳಿಗೆಂದು ಕೇಂದ್ರ ಸರ್ಕಾರ ತಂದ ಪಿಎಂ ವಿಶ್ವಕರ್ಮ ಯೋಜನೆಗೆ ಅರ್ಜಿ ಹಾಕಿ ಎಂದು ಹಲವರು ಹೇಳುತ್ತಾರೆ. ಅದರ 18 ಕಸುಬುಗಳಲ್ಲಿ ಶಿಲ್ಪಿ ಇದ್ದಾನೆ, ಚಿತ್ರಕಾರ ಇಲ್ಲ, ಓಡಾಟ ಉಳಿಸಿಕೊಳ್ಳಿ. ಬಿಲ್ಲಿನಲ್ಲಿ ತೆರಿಗೆ ಮುರಿದುಕೊಂಡು ಕೊಟ್ಟರೆ ಅದು ನಿಮ್ಮ ಪ್ಯಾನ್ ಲೆಕ್ಕಕ್ಕೆ ಬಿದ್ದಿದೆಯೇ ನೋಡಿ, ರಿಟರ್ನ್ ಸಲ್ಲಿಸಿದರೆ ಬರಬೇಕಾದದ್ದು ವಾಪಸ್ ಬರುತ್ತದೆ.

ಅನಾವರಣ ಮುಗಿದ ಮೇಲೆ ಬಾಕಿ ವಸೂಲಿ ಬಹಳ ಕಷ್ಟ. ಒಂದು ಸಂಸ್ಥೆಯಲ್ಲಿ ಕೆಲಸ ಹೇಳಿದ ಕಾರ್ಯದರ್ಶಿ ಬದಲಾಗಿ, ಹೊಸಬರು "ಠರಾವು ಎಲ್ಲೈತ್ರಿ?" ಅಂದರು. ಆದ್ದರಿಂದ ಆಡಳಿತ ಮಂಡಳಿಯ ಠರಾವಿನ ನಕಲು ಅಥವಾ ಕೆಲಸದ ಆದೇಶ ಪತ್ರ ಇಲ್ಲದೆ ಕ್ಯಾನ್ವಾಸ್ ಬಿಗಿಯಬೇಡಿ, ಅನಾವರಣದ ಹಿಂದಿನ ದಿನಕ್ಕೆ ನೂರಕ್ಕೆ 80 ಕೈಗೆ ಬಂದಿರಬೇಕು. ಹೆಸರಿನ ಫಲಕದ ಅಕ್ಷರಗಳಿಗೂ ಬೇರೆಯಾಗಿ ಸಹಿ ಹಾಕಿಸಿಕೊಳ್ಳಿ. 'ಶ್ರೀ'ಯೋ 'ಲಿಂ.'ಓ ಎಂಬುದರ ಮೇಲೆ ಕಾರ್ಯಕ್ರಮದ ಬೆಳಗ್ಗೆ ಫಲಕ ಬದಲಾದದ್ದಿದೆ.

ಸಂತೆ-ಜಾತ್ರೆಗಳ ಬಗ್ಗೆ ಕೇಳುವವರಿಗೆ: ಧಾರವಾಡದ ಕೃಷಿ ಮೇಳಕ್ಕೆ ಜನ ಲಕ್ಷಗಟ್ಟಲೆ ಬಂದರೂ ಅವರ ಕಣ್ಣು ಬೀಜ-ಯಂತ್ರಗಳ ಮೇಲೆ. ಬೆಂಗಳೂರಿನ ಚಿತ್ರಸಂತೆಯಲ್ಲಿ ಕೂತಲ್ಲೇ ಮುಖ ಬರೆಯುವವರಿಗೆ ಗಿರಾಕಿ ಸಿಗುತ್ತಾರೆ, ಅದಕ್ಕೆ ತಿಂಗಳುಗಳ ಮುಂಚೆ ಅರ್ಜಿ ಹಾಕಬೇಕು. ಇಲ್ಲಿ ಅದೇ ಕೌಶಲಕ್ಕೆ ದುಡ್ಡಿರುವುದು ಆರತಕ್ಷತೆಯಲ್ಲಿ: ಒಬ್ಬರಿಗೆ ಹತ್ತು ನಿಮಿಷ, ಮೂರು ಗಂಟೆಗೆ ಹದಿನೈದು ಮುಖ, ದರ ಗಂಟೆಯ ಲೆಕ್ಕದಲ್ಲಿ.

ಊರಾಚೆಗೆ ಕಳಿಸುವಾಗ ಗಾಜು ಬೇಡ, ಅಕ್ರಿಲಿಕ್ ಹಾಳೆ ಹಾಕಿಸಿ. ಕ್ಯಾನ್ವಾಸ್ ಸುತ್ತುವುದಾದರೆ ಬಣ್ಣದ ಮುಖ ಹೊರಗಿರುವಂತೆ ದಪ್ಪ ಕೊಳವೆಗೆ ಸುತ್ತಿ. ಒಳಗೆ ಮಾಡಿ ಸುತ್ತಿದರೆ ಬಣ್ಣ ಮಡಚಿ ಬಿರುಕು ಬಿಡುತ್ತದೆ. ತೈಲವರ್ಣ ಕೊಡುವಾಗ "ಆರ್ ತಿಂಗಳಾದ ಮ್ಯಾಲೆ ತೊಗೊಂಡ್ ಬರ್ರಿ, ವಾರ್ನಿಶ್ ಹಚ್ಚಿ ಕೊಡ್ತೇನಿ" ಅನ್ನಿ. ಬಣ್ಣ ಒಳಗೂ ಒಣಗಲು ಅಷ್ಟು ದಿನ ಬೇಕೇ ಬೇಕು, ವಾರ್ನಿಶ್‌ಗೆ ದುಡ್ಡು ತೆಗೆದುಕೊಳ್ಳುವುದಿಲ್ಲ. ಹಾಗೆ ವಾಪಸ್ ಬಂದವರಲ್ಲಿ ಹೆಚ್ಚಿನವರು ಬರಿಗೈಯಲ್ಲಿ ಬರುವುದಿಲ್ಲ, ಇನ್ನೊಂದು ಫೋಟೋ ತಂದಿರುತ್ತಾರೆ. ಈಗ ಮೇ 31ರ ಆರ್ಡರ್‌ಗಳು ಬರುತ್ತಿವೆ. ಏಪ್ರಿಲ್ 20ರ ನಂತರ ಬಂದದ್ದನ್ನು ತೆಗೆದುಕೊಳ್ಳುವುದಿಲ್ಲ ಎಂದು ಕಟ್ಟಿನ ಅಂಗಡಿಗಳಲ್ಲಿ ಚೀಟಿ ಅಂಟಿಸಿ ಬಂದಿದ್ದೇನೆ.